ಏರ್‌ಪೋರ್ಟಿನ ಸ್ಯಾಂಡ್‌ವಿಚ್

ಅಣ್ಣ ತೀರಿಹೋದ ದಿನ ನಾನು ದೆಹಲಿಯ ವಿಮಾನ ನಿಲ್ದಾಣದಲ್ಲಿ ಒಂದು ಸ್ಯಾಂಡ್‌ವಿಚ್‌ಗಾಗಿ ಜಗಳವಾಡಿದೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಸಾವಾದರೆ, ಸಂಸ್ಕಾರ ಮುಗಿಯುವವರೆಗೆ ದೊಡ್ಡವರು ಯಾರೂ ಏನೂ ತಿನ್ನುವಂತಿಲ್ಲ. ಅದು ಗೊತ್ತಿದ್ದೂ, ವಿಮಾನ ಮೂರು ಗಂಟೆ ತಡ ಎಂದು ತಿಳಿದ ಮೇಲೆ ನನಗೆ ಹಸಿವು ತಡೆಯಲಾಗಲಿಲ್ಲ. ಎರಡು ಒಣಕಲು ಬ್ರೆಡ್ಡು, ನಡುವೆ ಒಂದು ತೆಳು ಚೀಸು, ನಾನೂರೈವತ್ತು ರೂಪಾಯಿ. ಹಗಲು ದರೋಡೆ ಎಂದು ಕೌಂಟರಿನ ಹುಡುಗಿಯ ಮೇಲೆ ರೇಗಾಡಿದೆ. ಆಮೇಲೆ ಅದನ್ನೇ ಕೊಂಡು ಪೂರ್ತಿ ತಿಂದೆ. ಬೆರಳಿಗೆ ಅಂಟಿದ್ದನ್ನೂ ಬಿಡಲಿಲ್ಲ.

"ಮನೇಲೇ ತಿಂದು ಹೋಗೋ, ಏರ್‌ಪೋರ್ಟಲ್ಲಿ ಲೂಟಿ ಮಾಡ್ತಾರೆ ಕಣೋ" ಎಂದು ನಾನು ಹೊರಟಾಗಲೆಲ್ಲ ಬೈಯುತ್ತಿದ್ದವನು ಅಣ್ಣನೇ.

ಊರು ಸೇರಿದಾಗ ಸಂಜೆಯಾಗಿತ್ತು. ನಾನು ಬರಲಿ ಎಂದೇ ಹೆಣ ಎತ್ತದೆ ಕಾದಿದ್ದರು. ಬೆಳಗ್ಗಿನಿಂದ ಹನಿ ನೀರೂ ಮುಟ್ಟದೆ ಎಲ್ಲರ ತುಟಿ ಒಣಗಿತ್ತು. ನನ್ನ ದಾರಿ ಕಾದೇ ಅವರ ಉಪವಾಸ ಅಷ್ಟು ಉದ್ದವಾಗಿತ್ತು.

ಸುಟ್ಟು, ಸ್ನಾನ ಮಾಡಿ ಬರುವಷ್ಟರಲ್ಲಿ ಪಕ್ಕದ ಮನೆಯವರು ಅನ್ನ, ತಿಳಿಸಾರು ತಂದಿಟ್ಟಿದ್ದರು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದರು.

"ಮೊದಲು ಅವನಿಗೆ ಬಡಿಸ್ರಮ್ಮ. ಪಾಪ, ಅಷ್ಟು ದೂರದಿಂದ ಹಸ್ಕೊಂಡು ಬಂದಿದಾನೆ."

ನಾನು ಬೇಡವೆನ್ನಲಿಲ್ಲ. ಎಲ್ಲರೂ ನೋಡುತ್ತಿದ್ದರು. ದಿನವಿಡೀ ಹಸಿದವನು ಹೇಗೆ ತಿನ್ನುತ್ತಾನೋ ಹಾಗೆ ತಿಂದೆ.