ಹಳೇ ಆಯಿಲ್ಲಿನ ಪಂಚಾಕ್ಷರಪ್ಪ

ನ್ಯಾಮತಿಯಲ್ಲಿ ವ್ಯಾನಿನ ಆಯಿಲ್ಲನ್ನು ಅಂಗಳದಲ್ಲೇ ಬದಲಿಸುವವರು ಬಹಳ ಮಂದಿ. ತೆಗೆದ ಹಳೇ ಆಯಿಲ್ಲನ್ನು ಎಳೆಗೂಸಿನಂತೆ ಜೋಪಾನ ಮಾಡುವವರು ಪಂಚಾಕ್ಷರಪ್ಪ ಒಬ್ಬರೇ. ವ್ಯಾನಿನಡಿ ಅವರು ಹಾಸುವ ತಗಡು ಮದುವೆಮನೆಯ ಜಮಖಾನಕ್ಕಿಂತ ದೊಡ್ಡದು. ಆದರೂ ಒಂದು ಹನಿ ನೆಲಕ್ಕೆ ಬಿದ್ದರೆ ಆ ಮಣ್ಣನ್ನೇ ಕೆರೆದು ಡಬ್ಬಿಗೆ ತುಂಬುತ್ತಾರೆ. ಗೆದ್ದಲು ಹಿಡಿದ ಕಂಬಕ್ಕೆ ಬಳಿಯಲು ಅರ್ಧ ಲೀಟರ್ ಕೇಳಿದವರಿಗೆ, "ನಿಮ್ಮ ಕಂಬ ಬೇಕಾದ್ರೆ ಬೀಳ್ಲಿ, ನಾನು ಕೊಡಲ್ಲ" ಎನ್ನುತ್ತಾರೆ. "ಚರಂಡಿಗೆ ಸುರಿ, ಯಾರು ನೋಡ್ತಾರೆ?" ಎಂದ ಸ್ವಂತ ಅಣ್ಣನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಯಿತು. ಕ್ಯಾನು ತುಂಬಿದರೆ ಶಿವಮೊಗ್ಗದವರೆಗೂ ಹೋಗಿ, ಹಳೇ ಆಯಿಲ್ ಕೊಳ್ಳುವವರ ಕೈಗೇ ಒಪ್ಪಿಸಿ ಬರುತ್ತಾರೆ. ಊರು ನಕ್ಕರೆ ನಗಲಿ, ಅವರು ಬಗ್ಗುವ ಆಸಾಮಿಯಲ್ಲ. ಬೆಳಗ್ಗೆ ನಲ್ಲಿ ಬಂದ ಕೂಡಲೇ ಮೊದಲ ಎರಡು ಕೊಡ ನೀರನ್ನು ಪಕ್ಕದ ಮನೆಯ ಇಮಾಮ್‌ಬೀ ಬಾಗಿಲಿಗೆ ಹೊತ್ತು ಇಡುವುದೂ ಅಂಥದೇ ಹಟ. "ನಮ್ಮನೆಗೂ ನಲ್ಲಿ ಬಂದೈತೆ, ಸಾಕು ಬಿಡ್ರಿ ಅಣ್ಣಾ" ಎಂದು ಆಕೆ ದಿನವೂ ಹೇಳುತ್ತಾರೆ. ಆಕೆಯ ಬಾವಿಯಲ್ಲಿ ಇಂದಿಗೂ ಆಯಿಲ್ಲಿನ ಪೊರೆ ತೇಲುತ್ತದೆ. ಹನ್ನೆರಡು ವರ್ಷ ನಡುಗೋಡೆಯ ಈಚೆ, ತಮ್ಮ ಅಂಗಳದ ಗುಂಡಿಗೆ ಹಳೇ ಆಯಿಲ್ಲನ್ನು ಸುರಿದವರು ಇದೇ ಪಂಚಾಕ್ಷರಪ್ಪ. "ನೀವು ಸಾಕು ಅಂದ್ರೆ ಆತೇನಮ್ಮಾ," ಎನ್ನುತ್ತ ಅವರು ಖಾಲಿ ಕೊಡ ಎತ್ತಿಕೊಳ್ಳುತ್ತಾರೆ, "ಬಾವಿ ಅನ್ನಬೇಕಲ್ಲ!"