ಎಂಜಲಾದ ಬುತ್ತಿ

ನನಗೆ ಹೇಸಿಗೆ ಬೇಗ ಬರುತ್ತದೆ. ಮಂದಿ ಕುಡಿದ ಲೋಟದಲ್ಲಿ ನೀರು ಕುಡಿಯುವುದಿಲ್ಲ, ಮಂದಿ ಮಲಗಿದ ಹಾಸಿಗೆಯ ಮೇಲೆ ಕೂರುವುದಿಲ್ಲ, ಉಗುಳು ಹಚ್ಚಿ ಪುಟ ತಿರುವುವವರನ್ನು ಕಂಡರೆ ಮೈ ಉರಿಯುತ್ತದೆ. ಬನಹಟ್ಟಿಯಲ್ಲಿ, ಮಗ್ಗಗಳ ಖಟಖಟದ ನಡುವೆ, ಒಂದು ಖೋಲಿಯಲ್ಲಿ ಒಬ್ಬಳೇ ಇದ್ದೇನೆ. ಗಂಡ ಇಚಲಕರಂಜಿಯಲ್ಲಿ ಬೇರೊಬ್ಬಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಅವನು ಕಟ್ಟಿದ ತಾಳಿ ಮಾತ್ರ ನನ್ನ ಕೊರಳಲ್ಲಿದೆ. ಅದನ್ನೇಕೆ ತೆಗೆದಿಲ್ಲ ಎಂದು ಕೇಳುವವರಿದ್ದಾರೆ. ಹಳ್ಳಿ ತಿರುಗಿ ಸೀರೆ ಮಾರುವವಳು ನಾನು. ಬರಿ ಕೊರಳ ಹೆಂಗಸನ್ನು ಹಬ್ಬದ ಮುಂದೆ ಯಾರೂ ಅಂಗಳದೊಳಗೆ ಕರೆಯುವುದಿಲ್ಲ. ಅದೂ ಒಂದು ಹೇಸಿಗೆಯೇ, ಆದರೆ ಹೊಟ್ಟೆಪಾಡು.

ಅವತ್ತು ಸೀರೆ ಗಂಟು ಹೊತ್ತು ಗಲಗಲಿ ಕಡೆ ಹೊರಟಿದ್ದೆ. ಜಮಖಂಡಿ ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ಬಾಗಿಲಲ್ಲೇ ಹೆಂಗಸರು ಜೋತುಬಿದ್ದಿದ್ದರು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದಾದಾಗಿನಿಂದ ನಮ್ಮವರಿಗೆಲ್ಲ ಮರೆತುಹೋದ ನೆಂಟರೂ ನೆನಪಾಗಿದ್ದಾರೆ. ಆ ನೂಕುನುಗ್ಗಲಿನಲ್ಲಿ ಕಂಡವರ ಕಂಕುಳಿಗೆ ಮೂಗು ಕೊಟ್ಟು ನಿಲ್ಲುವುದು ನನ್ನಿಂದ ಆಗದ ಮಾತು. ಬಸ್ಸು ಬಿಟ್ಟು, ಮಂದಿ ಹೇರುವ ಮೂರು ಗಾಲಿಯ ಟಂಟಂ ಹತ್ತಿದೆ.

ಹತ್ತಿದ ಮೇಲೆ ಬಸ್ಸೇ ಛಲೋ ಇತ್ತು ಅನ್ನಿಸಿತು. ಕೆಳಗೆ ಗುಟ್ಕಾ ಚೀಟುಗಳು ಕಾಲಿಗೆ ಅಂಟುತ್ತಿದ್ದವು. ಮೂಲೆಯಲ್ಲಿ ಯಾರೋ ಕಾರಿಕೊಂಡಿದ್ದರ ಮೇಲೆ ಡ್ರೈವರ್ ಒಂದು ಬೊಗಸೆ ಮಣ್ಣು ಚೆಲ್ಲಿ ಕೈ ತೊಳೆದುಕೊಂಡಿದ್ದ, ಅಥವಾ ತೊಳೆದುಕೊಂಡೂ ಇರಲಿಲ್ಲ. ಅವನ ಬಾಯಿ ನೋಡಬಾರದಿತ್ತು, ನೋಡಿದೆ. ಮೂವತ್ತೈದರ ಆಸುಪಾಸಿನ ಮನುಷ್ಯ. ಗುಟ್ಕಾ ತಿಂದು ತಿಂದು ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಮಾತೆಲ್ಲ ಹಲ್ಲಿನ ಸಂದಿಯಿಂದಲೇ ಬರುತ್ತಿತ್ತು, ಮಾತಿನ ಜೊತೆ ಕೆಂಪು ನೀರೂ ಬರುತ್ತಿತ್ತು. ಅವನು ಮುಂದೆ ಬಾಗಿ ಪಿಚಕ್ ಎಂದು ರಸ್ತೆಗೆ ಉಗುಳಿದಾಗಲೆಲ್ಲ ನಾನು ಸೆರಗನ್ನು ಇನ್ನೊಂದು ಸುತ್ತು ಮೂಗಿಗೆ ಸುತ್ತಿದೆ.

ಊರ ಹೊರಗಿನ ಕ್ರಾಸಿನಲ್ಲಿ ಇನ್ನೊಬ್ಬ ಹತ್ತಿದ. ಅರವತ್ತು ದಾಟಿದ ಕುರುಬ, ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ. ಅವನಿಗಿಂತ ಮೊದಲು ಕುರಿ ವಾಸನೆ ಒಳಗೆ ಬಂತು. ಕೈಯಲ್ಲಿ ಹೊಸ ಬಿಳಿ ಅರಿವೆ ಕಟ್ಟಿದ ಬಿದಿರ ಬುಟ್ಟಿ. ಕೆಳಗೆ ನೋಡಿದ, ಆ ಹೊಲಸಿನಲ್ಲಿ ಬುಟ್ಟಿ ಇಡಲು ಮನಸ್ಸು ಬರಲಿಲ್ಲವೆಂದು ಕಾಣುತ್ತದೆ, ಡ್ರೈವರನ ಹಿಂದೆಯೇ ತೆರೆದ ಬದಿಗೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಗಾಡಿಯಲ್ಲಿ ನಾವು ಮೂವರೇ.

ನಾನು ಮುಖ ಆ ಕಡೆ ತಿರುಗಿಸಿ ಕೂತರೂ ಅವನು ಮಾತು ಶುರುಮಾಡಿದ. ಯಾರೊಡನೆಯಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುತ್ತಿತ್ತೇನೋ. ಗಲಗಲಿಗೆ ಕೊಟ್ಟ ಒಬ್ಬಳೇ ಮಗಳು, ಅವಳಿಗೆ ಅವತ್ತು ಕುಬಸ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಬುತ್ತಿ ತಂದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆರಿಗೆಗೆ ತವರಿಗೆ ಕರೆದೊಯ್ಯುವ ಮಾತಾಡುವುದು ನಮ್ಮ ಕಡೆಯ ಪದ್ಧತಿ. ಆದರೆ ಮಗಳು ಮೊಣಕಾಲೆತ್ತರ ಇದ್ದಾಗಲೇ ಅವಳ ತಾಯಿ ಸತ್ತಿದ್ದಳು. ಹೆಣ್ಣಿಲ್ಲದ ಮನೆಗೆ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ಬೀಗತಿ ಹೇಳಿಕಳಿಸಿದ್ದಳಂತೆ. ಮಗಳು ಮಾತ್ರ ಫೋನಿನಲ್ಲಿ ದಿನಾ ಒಂದೇ ಮಾತು ಆಡುತ್ತಿದ್ದಳು: ಅಪ್ಪಾ, ನನ್ನ ಇಲ್ಲಿಂದ ಕರಕೊಂಡ ಹೋಗು.

ಬೇರೆ ಮನೆ ಮಾಡಿದ್ದ ಅವನ ತಮ್ಮನ ಹೆಂಡತಿ, ಜೊತೆಗೆ ಬರುತ್ತೇನೆ ಅಂದವಳು, ಬೆಳಿಗ್ಗೆ ತಲೆನೋವು ಎಂದು ಮುಸುಕು ಹಾಕಿಕೊಂಡು ಮಲಗಿದ್ದಳು. ಬುತ್ತಿಯನ್ನಾದರೂ ನೋಡಿ ಬೀಗತಿಯ ಮನಸ್ಸು ಮೆತ್ತಗಾದೀತು ಎಂದು ಈ ಮನುಷ್ಯ ತಾನೇ ರೊಟ್ಟಿ ಬಡಿದು, ಹೋಳಿಗೆ ಮಾಡಿ, ಹೊರಟು ಬಂದಿದ್ದ. ನಾನು ಹೂಂ ಎಂದೆನೇ ಹೊರತು ಮೂಗಿನ ಸೆರಗು ತೆಗೆಯಲಿಲ್ಲ. ಗಂಡಸು ಕುರಿ ಮುಟ್ಟಿದ ಕೈಯಲ್ಲಿ ಮಾಡಿದ ಹೋಳಿಗೆ ಹೇಗಿದ್ದೀತು ಎಂದು ಯೋಚಿಸುತ್ತಿದ್ದೆ.

ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಎದುರು ಬಂತು. ಸಕ್ಕರೆ ಫ್ಯಾಕ್ಟರಿ ಕಡೆಯ ಗಾಳಿ, ಅದರ ತುಂಬ ಕೊಳೆತ ಬೆಲ್ಲದ ನಾತ. ನಮ್ಮ ಡ್ರೈವರ್ ಗಾಡಿಯನ್ನು ಬದಿಗೆ ತಿರುಗಿಸುತ್ತಲೇ ಹೊರಗೆ ಬಾಗಿ ಬಾಯಿತುಂಬ ಇದ್ದದ್ದನ್ನು ಉಗುಳಿದ. ಗಾಳಿ ಅದನ್ನು ಹಾಗೇ ಒಳಗೆ ತಂದು ಹಾಕಿತು. ಬಿಳಿ ಅರಿವೆಯ ತುಂಬ ಕೆಂಪು.

ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದ. ಮೇಲಿನ ಅರಿವೆಗಷ್ಟೇ ಹತ್ತಿದೆ, ಬೇರೆ ಅರಿವೆ ಕಟ್ಟಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಹಲ್ಲಿನ ಸಂದಿಯಿಂದ ಒದರಿದ. ನಾನು ಬುಟ್ಟಿಯ ಅರಿವೆ ಬಿಚ್ಚಿ ನೋಡಿದೆ. ಬಿದಿರ ಮುಚ್ಚಳದ ಸಂದಿಯಿಂದ ಇಳಿದು ರೊಟ್ಟಿಯ ಮೇಲೆ, ಹೋಳಿಗೆಯ ಮೇಲೆ ಕೆಂಪು ಹನಿಗಳು ಕೂತಿದ್ದವು. ಡ್ರೈವರನಿಗೆ ಬೈದೆ. ಎಷ್ಟು ಬೈದೆನೆಂದರೆ ಹಾದುಹೋಗುತ್ತಿದ್ದ ಬೈಕಿನವನು ನಿಂತು ಕೇಳಿಸಿಕೊಂಡು ಹೋದ. ಮನುಷ್ಯನೋ ಗಟಾರೋ ನೀನು, ನಿನ್ನ ಹಡೆದವರು ನಿನಗೆ ಬಾಯಿ ಕೊಟ್ಟದ್ದು ಇದಕ್ಕೇನು ಎಂದೆಲ್ಲ ಅಂದೆ.

ಮುದುಕ ಬೈಯಲಿಲ್ಲ. ಅದೇ ತಡೆದುಕೊಳ್ಳಲಾಗಲಿಲ್ಲ ನನಗೆ. ಬುಟ್ಟಿಯನ್ನು ನೋಡುತ್ತ, "ಎಂಜಲಾತು," ಅಂದ. "ಬಸುರಿ ಮಗಳಿಗೆ ಎಂಜಲ ಹೆಂಗ ತಿನ್ನಸ್ಲಿ? ನನ್ನ ಇಲ್ಲೇ ಇಳಿಸ್ರಿ. ಬುತ್ತಿ ಇಲ್ಲ, ಹೆಣಮಗಳಿಲ್ಲ. ಯಾವ ಮಕ ತಗೊಂಡ ಹೋಗ್ಲಿ."

ಡ್ರೈವರ್ ನೆಲ ನೋಡುತ್ತ ನಿಂತವನು, ತನ್ನ ಮನೆ ಇಲ್ಲೇ ಹತ್ತಿರದಲ್ಲಿದೆ, ಮಧ್ಯಾಹ್ನದೊಳಗೆ ಹೊಸ ಬುತ್ತಿ ಮಾಡಿಕೊಂಡು ಗಲಗಲಿ ಮುಟ್ಟಬಹುದು ಎಂದ. ಮಾಡುವವರು ಯಾರು ಎಂದು ಕೇಳಿದೆ. ಇಬ್ಬರೂ ನನ್ನನ್ನು ನೋಡಿದರು. ನನಗೇನು ಗ್ರಹಚಾರ, ಇಳಿದು ಇನ್ನೊಂದು ಗಾಡಿ ಹತ್ತಬಹುದಿತ್ತು. ಆದರೆ ಆ ಮುದುಕ ಕೆಂಪು ಹನಿ ಬೀಳದ ಒಂದು ರೊಟ್ಟಿಯನ್ನು ಹುಡುಕುತ್ತಿದ್ದ, ಒಂದೊಂದಾಗಿ ಎತ್ತಿ ನೋಡಿ ಇಡುತ್ತಿದ್ದ. ಡ್ರೈವರನಿಗೆ ನಡಿ ಎಂದೆ.

ಡ್ರೈವರನ ಮನೆ ನೋಡಿದ ಮೇಲೆ ಟಂಟಂ ಬಹಳ ಚೊಕ್ಕ ಅನ್ನಿಸಿತು. ಹೆಂಡತಿ ಮುಧೋಳದ ತವರಿಗೆ ಹೋಗಿ ಕೂತಿದ್ದಳು. ಬಾಯಿ ವಾಸನೆ ತಾಳಲಾರೆ ಎಂದು ಹೇಳಿ ಹೋದವಳು ಬಂದಿರಲಿಲ್ಲ. ಆ ಪುಣ್ಯಾತಗಿತ್ತಿಯ ಮೇಲೆ ನನಗೆ ಗೌರವ ಹುಟ್ಟಿತು. ತೊಳೆಯದ ಪಾತ್ರೆಯಲ್ಲಿ ಅನ್ನ ಹಸಿರು ಬಂದಿತ್ತು. ಇಲಿ ಹಿಕ್ಕೆ ಹಂಚಿನ ಮೇಲೆ. ಮೂಲೆಯ ಗೋಡೆ ನೆತ್ತರು ಎರಚಿದ ಹಾಗೆ ಕೆಂಪಾಗಿತ್ತು. ಹೊರಗೆ ಓಡಿ ಎರಡು ಸಲ ಓಕರಿಸಿದೆ. ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದಲೇ ಎಲ್ಲ ತಿಕ್ಕಿಸಿದೆ. ಬೂದಿ ಹಾಕಿ ತಿಕ್ಕು ಅಂದೆ, ಮತ್ತೆ ತಿಕ್ಕು ಅಂದೆ. ಮೊದಲು ಬಾಯಿ ತೊಳಕೋ ಅಂದೆ. ಎಲ್ಲ ಮಾಡಿದ, ಒಂದು ಎದುರುಮಾತು ಆಡಲಿಲ್ಲ. ಅಂಗಡಿಗೆ ಓಡಿ ಜೋಳದ ಹಿಟ್ಟು, ಗೋಧಿ ಹಿಟ್ಟು, ಶೇಂಗಾ, ಬೆಲ್ಲ, ಹೊಸ ಅರಿವೆ ತಂದ.

ಮುದುಕ ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು ಬಂದು ಹಿಟ್ಟು ನಾದುವ ಪರಾತದ ಮುಂದೆ ಕೂತ. ರೊಟ್ಟಿ ಅವನು ಬಡಿದ, ಹೋಳಿಗೆ ನಾನು ಲಟ್ಟಿಸಿದೆ. ರೊಟ್ಟಿ ನನಗಿಂತ ತೆಳ್ಳಗೆ ಬಡಿಯುತ್ತಿದ್ದ. ಮಗಳನ್ನು ತಾಯಿಯಾಗಿ ಸಾಕಿದವನ ಕೈ, ಬಡಿಯದೆ ಏನು ಮಾಡುತ್ತದೆ. ಒಲೆಯ ಹೊಗೆಯಲ್ಲಿ ಕುರಿ ವಾಸನೆ ಸೇರಿ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಖೋಲಿಯಲ್ಲಿ ಇನ್ನೊಬ್ಬರ ಜೊತೆ ಕೂತು ಅಡುಗೆ ಮಾಡಿ ಎಷ್ಟು ಕಾಲವಾಗಿತ್ತು ಎಂದು ನೆನೆಯಲು ನೋಡಿದೆ, ನೆನಪಾಗಲಿಲ್ಲ. ಬೇಜಾರಾಯಿತು.

ತಿರುಗಿ ನೋಡಿದರೆ ಡ್ರೈವರ್ ಹೊಸ್ತಿಲಲ್ಲಿ ಕೂತು ಆ ಎಂಜಲಾದ ಬುತ್ತಿಯನ್ನು ತಿನ್ನುತ್ತಿದ್ದ. ಬಾಯಿ ತೆರೆಯದಲ್ಲ, ರೊಟ್ಟಿಯನ್ನು ಚೂರು ಚೂರು ಮುರಿದು ಹಲ್ಲಿನ ಸಂದಿಯಿಂದ ಬೆರಳಲ್ಲಿ ಒಳಗೆ ನೂಕುತ್ತಿದ್ದ. ಥೂ, ಅದನ್ನು ನಾಯಿಗೆ ಹಾಕು ಎಂದೆ.

"ನಂದ ಎಂಜಲ ಐತ್ರಿ ಅಕ್ಕಾರ, ನಾನ ತಿಂತೇನಿ," ಅಂದ. "ಮನಿ ರೊಟ್ಟಿ ತಿಂದು ಭಾಳ ದಿನ ಆತು."

ಅವನ ಗಲ್ಲದ ಮೇಲೆ ಕಣ್ಣೀರು, ಬಾಯಿ ತೊಳೆದರೂ ನಿಲ್ಲದ ಕೆಂಪು ನೀರು ಎರಡೂ ಇಳಿಯುತ್ತಿದ್ದವು. ಅಷ್ಟು ಹೊಲಸು ನೋಟವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎದ್ದು ಹೋಗಿ, ಅವನ ಮುಂದೆ ನೀರಿನ ತಂಬಿಗೆ ಇಟ್ಟು ಬಂದೆ. ಆವತ್ತಿನಿಂದ ಅವನು ಗುಟ್ಕಾ ಬಿಟ್ಟ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಬಿಟ್ಟಿಲ್ಲ. ಗಲಗಲಿ ಮುಟ್ಟುವವರೆಗೆ ಮಾತ್ರ ಜೇಬಿಗೆ ಕೈ ಹಾಕುವುದು, ಕನ್ನಡಿಯಲ್ಲಿ ನನ್ನ ಮುಖ ನೋಡಿ ಕೈ ತೆಗೆಯುವುದು ಮಾಡುತ್ತಿದ್ದ.

ದಾರಿಯಲ್ಲಿ ಮುದುಕ ಕೇಳಿದ, ನೀನು ಒಳಗೆ ಬಂದು ಉಡಿ ತುಂಬಿ ಹೋಗುತ್ತೀಯಾ, ತವರಿನ ಮುತ್ತೈದೆ ಎಂದು ಯಾರಾದರೂ ಇರಬೇಕಲ್ಲ ಎಂದು. ಇಚಲಕರಂಜಿಯ ಆ ಮನುಷ್ಯ ಉಸಿರಾಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾನು ಮುತ್ತೈದೆ, ಗಂಡ ಸತ್ತ ಒಂದೇ ಕಾರಣಕ್ಕೆ ಇನ್ನೊಬ್ಬಳು ಅಮಂಗಳೆ. ಈ ಪದ್ಧತಿಯ ಮುಖಕ್ಕೇ ಉಗಿಯಬೇಕು ಅನ್ನಿಸುತ್ತದೆ. ಆದರೂ ಬರುತ್ತೇನೆ ಎಂದೆ. ಗಂಟಿನಿಂದ ರವಿಕೆಗಾಗುವ ಒಂದು ಹಸಿರು ಕುಬಸದ ಕಣ ತೆಗೆದು ಬುತ್ತಿಯ ಮೇಲಿಟ್ಟೆ.

ಬೀಗರ ಪಡಸಾಲೆಯ ತುಂಬ ಹೆಂಗಸರು. ಮಗಳು ಅಪ್ಪ ಮುಂಚೆಯೇ ಕಳಿಸಿದ್ದ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು, ಕೈತುಂಬ ಹಸಿರು ಬಳೆ, ಬಾಡಿದ ಮುಖ. ನಾವು ಬುತ್ತಿ ಬಿಚ್ಚಿದ್ದೇ ತಡ, ಬೀಗತಿ ಹೋಳಿಗೆಯ ಅಂಚು ಮುರಿದು ಮೂಸಿ ನೋಡಿದಳು, ಇನ್ನೊಬ್ಬಳು ರೊಟ್ಟಿಯನ್ನು ಬೆಳಕಿಗೆ ಹಿಡಿದಳು. ಅಷ್ಟೂ ಮಂದಿಯ ಬೆರಳು ಆ ಬುತ್ತಿಯೊಳಗೆ. ಗುಟ್ಕಾದ ಉಗುಳೇ ವಾಸಿ ಅನ್ನಿಸಿತು ನನಗೆ. ಆಮೇಲೆ ಬೀಗತಿ ನನ್ನ ಕಡೆ ತಿರುಗಿ, ನೀವು ಯಾರು ಎಂದು ಕೇಳಿದಳು.

ಮುದುಕ ಬಾಯಿ ತೆರೆಯುವ ಮೊದಲೇ, ನಾನು ಇವರ ತಂಗಿ, ಬನಹಟ್ಟಿಯವಳು ಎಂದುಬಿಟ್ಟೆ. ಮದುವೆಯಲ್ಲಿ ಕಂಡಿಲ್ಲವಲ್ಲ ಎಂದಳು ಅವಳು. ಅಪ್ಪನಿಗೆ ತಂಗಿ ಇಲ್ಲವೆಂದು ಆ ಮಗಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ. ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಮದವಿಗೆ ಬರಲಿಲ್ಲ, ತೊಟ್ಟಲಕ್ಕರ ಬರ್ತೀಯೋ ಇಲ್ಲೋ ಅತ್ತಿ?" ಎಂದು ನನ್ನನ್ನೇ ದಬಾಯಿಸಿದಳು. ದಬಾಯಿಸುತ್ತಲೇ ಅಳತೊಡಗಿದಳು.

ಉಡಿ ತುಂಬಿದೆ. ಅಕ್ಕಿ ಸುರಿಯುವಾಗ ಅವಳು ಸೆರಗಿನ ಕೆಳಗೆ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೈ ಬೆವರಿ ತಣ್ಣಗಾಗಿತ್ತು. ಬೀಗತಿ ಅಷ್ಟಕ್ಕೇ ಬಿಡುವವಳಲ್ಲ. ಹೆರಿಗೆಗೆ ಕಳಿಸುವ ಮಾತು ಬಂದಾಗ ನಕ್ಕಳು.

"ಬಾಣಂತನ ಯಾರ ಮಾಡೋರು? ಕುರಿ ಹಿಂದ ತಿರಗೋ ಗಣಮಗ ಮಾಡ್ತಾನೇನು?"

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಮುದುಕ ಕಂಬಳಿಯ ಅಂಚನ್ನು ಹಿಂಡುತ್ತಿದ್ದ. ಹೆರಿಗೆ, ರಕ್ತ, ಕೂಸಿನ ಮಲ, ಹಾಲಿನ ವಾಂತಿ, ಇವನ್ನೆಲ್ಲ ನೆನೆದರೇ ಊಟ ಬಿಡುವವಳು ನಾನು. ನಾ ಮಾಡ್ತೇನಿ ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಬೀಗತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹಾಗಾದರೆ ಒಳ್ಳೆಯ ದಿನ ನೋಡಿ ಬಂದು ಕರೆದೊಯ್ಯಿರಿ ಎಂದಳು. ಅಷ್ಟು ಮಂದಿಯ ಮುಂದೆ ಆಡಿದ ಮಾತು, ಅವಳೂ ತಿರುಗಿಸುವಂತಿರಲಿಲ್ಲ, ನಾನೂ ತಿರುಗಿಸುವಂತಿರಲಿಲ್ಲ.

ಅದೇ ಟಂಟಂನಲ್ಲಿ ತಿರುಗಿ ಬರುವಾಗ ಹೊಳೆಯ ಗಾಳಿ ಬೀಸುತ್ತಿತ್ತು. ಮುದುಕ ನನ್ನ ಕಡೆ ನೋಡದೆ ಮಾತು ತೆಗೆದ.

"ಮಂದಿ ಮುಂದ ನನ್ನ ಮಾನ ಉಳಸಿದಿ ತಂಗೀ, ಅಷ್ಟ ಸಾಕು. ಖರೇನ ಬಾ ಅಂತ ನಾ ಕೇಳೂದಿಲ್ಲ. ಏನರೆ ಹೇಳಿ ಅವರಿಗೆ ತಿಳಸ್ತೇನಿ."

ಮನೆಯಲ್ಲಿ ಕುರಿ ಎಲ್ಲಿ ಕಟ್ಟುತ್ತೀ ಎಂದು ಕೇಳಿದೆ. ಕಳ್ಳರ ಕಾಟ, ಮರಿಗಳನ್ನೆಲ್ಲ ಪಡಸಾಲೆಯಲ್ಲೇ ಕೂಡುತ್ತೇನೆ ಎಂದ.

"ಥೂ, ಹೇಸಿ," ಅಂದೆ. "ಹೋದಕೂಡ್ಲೆ ಹೊರಗ ಹಾಕು ಅವನ್ನ. ನೆಲ ಸಾರಿಸು, ಗ್ವಾಡಿಗೆ ಸುಣ್ಣ ಹಚ್ಚು. ಬಾಣಂತಿ ಬರೂ ಮನಿ ಅದು."