ನಾವೂ ಕುಡಿದ ಕೆರೆಯ ನೀರು

ಐವತ್ತರ ದಶಕದ ನಡುವಿನಲ್ಲಿ ನಾನು ರೋಣದ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಡಾಕ್ಟರು, ಕಂಪೌಂಡರು, ಆಯಾ, ಕಸ ಗುಡಿಸುವವನು, ನಾನು. ಇಷ್ಟೇ ಜನ. ಕಂಪೌಂಡರು ವಯಸ್ಸಾದ ಮುಸಲ್ಮಾನರು, ನಮಗೆಲ್ಲ ಚಾಚಾ.

ಗಾಯದ ಪಟ್ಟಿಗಳಲ್ಲಿ ಗಟ್ಟಿ ಇದ್ದವನ್ನು ಒಗೆದು ಕುದಿಸಿ ಮತ್ತೆ ಬಳಸುತ್ತಿದ್ದೆವು. ಕೀವು ಹತ್ತಿದ ಅರಳೆಯನ್ನು ಹಿಂದಿನ ಗೋಡೆಯಾಚೆ ಎಸೆಯುತ್ತಿದ್ದೆವು. ಸುಡಬೇಕೆಂದು ಡಾಕ್ಟರು ಹೇಳಿದ್ದರು, ಕಾಗದದಲ್ಲಿ ಬರೆದು ಅಂಟಿಸಿಯೂ ಇದ್ದರು. ನಾವು ಹೂಂ ಅಂದಿದ್ದೆವು, ಅಷ್ಟೆ. ಗೋಡೆಯಾಚೆಯ ಹಳ್ಳ ಕೆರೆಗೆ ಸೇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಊರಿನ ಬಾವಿಗಳೆಲ್ಲ ಸವಳು. ಜನ ಕುಡಿಯುತ್ತಿದ್ದದ್ದು ಆ ಕೆರೆಯ ನೀರನ್ನೇ. ದವಾಖಾನೆಗೆ ಮಾತ್ರ ದೂರದ ಸಿಹಿನೀರ ಬಾವಿಯಿಂದ ದಿನಾ ಎರಡು ಕೊಡ ಬರುತ್ತಿದ್ದವು.

ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ, ಅಸೂಟಿಯಿಂದ ಆ ಊರಿಗೆ ಸೊಸೆಯಾಗಿ ಬಂದಿದ್ದ ಹೆಂಗಸೊಬ್ಬಳು ಬಂದಳು. ಅವಳ ಕಾಲಿನ ಹುಣ್ಣಿಗೆ ತಿಂಗಳಿಡೀ ನಾನೇ ಪಟ್ಟಿ ಕಟ್ಟಿದ್ದೆ. ನೀರು ಸೋಸುವ ಅರಿವೆಯನ್ನು ನನ್ನ ಮುಂದೆ ಬಿಡಿಸಿಟ್ಟಳು. ಅದರಲ್ಲಿ ಹಳದಿಗಟ್ಟಿದ ಅರಳೆಯ ಉಂಡೆ ಇತ್ತು.

“ಅಕ್ಕಾರ, ಇದು ನಿಮ್ಮ ದವಾಖಾನೀದ ಏನ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

ಔಷಧ ಬೆರೆಸುತ್ತಿದ್ದ ಚಾಚಾ ಎಲ್ಲ ನೋಡಿದ್ದರು. ಮರುದಿನ ಬೆಳಿಗ್ಗೆ ಸಿಹಿನೀರು ತರುವವನನ್ನು ಬಾಗಿಲಿನಿಂದಲೇ ಕಳಿಸಿ, ತಾವೇ ಹೊತ್ತು ತಂದ ಕೆರೆಯ ನೀರನ್ನು ಸೋಸಿ ನಮ್ಮ ಕೊಡಕ್ಕೆ ಸುರಿದರು.

“ಇವತ್ತಿನಿಂದ ನಾವೂ ಇದನ್ನ ಕುಡಿಯೂಣು. ಯಾರಿಗೂ ಬುದ್ಧಿ ಹೇಳೂದು ಬ್ಯಾಡ” ಎಂದು ಮೊದಲ ಬಟ್ಟಲು ತಾವೇ ಕುಡಿದರು.

ನಾನೂ ಕಣ್ಣು ಮುಚ್ಚಿ ಕುಡಿದೆ. ಆಯಾ ಮುಟ್ಟಲಿಲ್ಲ, ಮಧ್ಯಾಹ್ನದವರೆಗೆ ಬಾಯಾರಿಕೊಂಡೇ ಇದ್ದಳು. ಆಮೇಲೆ ಎದ್ದು ಹೋಗಿ ಯಾರದೋ ಮನೆಯಿಂದ ಗುದ್ದಲಿ ತಂದಳು. ಹಳ್ಳದಿಂದ ದೂರ, ಎತ್ತರದ ಜಾಗ ನೋಡಿ, ಕಸ ಗುಡಿಸುವವನೂ ಸೇರಿ ತಗ್ಗು ತೋಡಿದೆವು. ಮಣ್ಣು ಹೊರಲು ಡಾಕ್ಟರೂ ಬಂದರು. ಹಳ್ಳದುದ್ದಕ್ಕೂ ನಡೆದು ಹಳೆಯದನ್ನೆಲ್ಲ ಆರಿಸಿ ತಂದದ್ದು ನಾನು ಮತ್ತು ಆಯಾ. ಅಂದಿನಿಂದ ದಿನಾ ಮಧ್ಯಾಹ್ನ ಅಲ್ಲಿ ಬೆಂಕಿ. ವಾರದ ನಂತರ ಚಾಚಾ ಆ ಹೆಂಗಸನ್ನು ಕರೆಸಿ ತಗ್ಗು ತೋರಿಸಿದರು. ಅವಳು ಬಗ್ಗಿ ನೋಡಿ, “ಚಲೋ ಆತು ಬಿಡ್ರಿ” ಅಂದಳು. ಅಷ್ಟು ದೊಡ್ಡ ಶಾಭಾಸಗಿರಿ ನನಗೆ ಮತ್ತೆಂದೂ ಸಿಕ್ಕಿಲ್ಲ.

ಎರಡು ವರ್ಷಕ್ಕೆ ನನಗೆ ನರಗುಂದಕ್ಕೆ ವರ್ಗವಾಯಿತು. ಅಲ್ಲಿ ಜನ ಹೆಚ್ಚು, ಕೆಲಸವೂ ಹೆಚ್ಚು. ಅರಳೆ ಸುಡಬೇಕೆಂದು ನಾನು ಹೇಳಿದ್ದಕ್ಕೆ ಎಲ್ಲರೂ ಹೂಂ ಅನ್ನುತ್ತಿದ್ದರು, ಹಿಂದೆ ನಾವು ಅಂದ ಹಾಗೆಯೇ. ಚಾಚಾ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ದಿನಾ ಯೋಚಿಸುತ್ತಿದ್ದೆ. ಬುದ್ಧಿ ಹೇಳುವುದನ್ನು ಬಿಟ್ಟು, ಅವರ ಹಾಗೆ ನಾನೇ ಮೊದಲು ಮಾಡಿ ತೋರಿಸುವ ಧೈರ್ಯ ಕೂಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಕೆಲಸದಿಂದ ನಿವೃತ್ತರಾದ ಮೇಲೆ ಚಾಚಾ ಗಜೇಂದ್ರಗಡದಲ್ಲಿ ಮಗಳ ಮನೆ ಸೇರಿದರೆಂದು ತಿಳಿಯಿತು. ನಾನು ನರಗುಂದಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ನಿಂತು, “ಆಗಾಗ ಬಂದು ಹೋಗಕೋತ ಇರ್ರಿ, ನರ್ಸಬಾಯಾರ” ಅಂದಿದ್ದರು. ಮುಂದಿನ ರಜೆಗೆ ಹೋಗೋಣ ಅನ್ನುತ್ತಲೇ ನಾಲ್ಕು ರಜೆ ಕಳೆದವು. ಆಮೇಲೆ ಹೋಗಲು ಅವರು ಇರಲಿಲ್ಲ. ಈಗಲೂ ಕೆಲವು ಮಧ್ಯಾಹ್ನ, ಆ ತಗ್ಗಿನ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ದವಾಖಾನೆಯ ಆ ನಾಲ್ವರ ಪಕ್ಕದಲ್ಲಿ ಒಮ್ಮೆ ನಿಲ್ಲಬೇಕು ಅನ್ನಿಸುತ್ತದೆ.